ಗೋವಿನಜೋಳವನ್ನು ಚೀಲಕ್ಕೆ ತುಂಬದೆ ನೇರವಾಗಿ ಲಾರಿಗೆ ಸುರಿದು ಬಾಗಲಕೋಟೆ ಮಾರ್ಕೆಟ್ಟಿಗೆ ಒಯ್ಯಬಹುದೇ?

ಒಯ್ಯಬಹುದು, ಆದರೆ ಮೊದಲು ಲಾರಿಯ ಹಿಂಬಾಗಿಲು ನೋಡಿ. ಕಾಳು ಸೋರುವುದು ಹೆಚ್ಚಾಗಿ ಅಲ್ಲೇ, ಬಾಗಿಲಿನ ಕೀಲು ಮತ್ತು ತಳದ ಎರಡು ಮೂಲೆಗಳಲ್ಲಿ. ಸಂದಿಗೆ ಹಳೇ ಗೋಣಿಚೀಲ ಸುರುಳಿ ಸುತ್ತಿ ತುರುಕಿ. ಒಳಗೆ ಹರಿಯದ ತಾಡಪತ್ರಿ ಹಾಸಿ ಅಂಚನ್ನು ಗೋಡೆಗುಂಟ ಎರಡಡಿ ಮೇಲೆತ್ತಿ, ಆಮೇಲೆ ಸುರಿಯಿರಿ.

ಒಂದು ಘನ ಅಡಿಗೆ ಒಣ ಗೋವಿನಜೋಳ ಸುಮಾರು 20 ಕಿಲೊ ಹಿಡಿಯುತ್ತದೆ. 17×7 ಅಡಿಯ ಲಾರಿಯಲ್ಲಿ 4 ಅಡಿ ಎತ್ತರ ತುಂಬಿದರೆ ಹೆಚ್ಚುಕಡಿಮೆ 95 ಕ್ವಿಂಟಲ್. ಆರು ಗಾಲಿಯ ಲಾರಿಗೆ ತನ್ನ ತೂಕ ಸೇರಿ 18.5 ಟನ್ ಮಿತಿ, ಹಾಗಾಗಿ ಗೋಪುರ ಕಟ್ಟಬೇಡಿ.

ತೇವಾಂಶ 14%ಕ್ಕಿಂತ ಹೆಚ್ಚಿದ್ದರೆ ತುಂಬಲೇಬೇಡಿ. ಬಿಸಿಲಲ್ಲಿ ಕಾದ ಕಾಳಿಗೆ ಕೂಡಲೇ ತಾಡಪತ್ರಿ ಬಿಗಿದರೆ ರಾತ್ರಿ ಒಳಗೇ ಬೆವರು ಕಟ್ಟಿ ಮೇಲಿನ ಪದರ ಮುಗ್ಗುತ್ತದೆ. ದಲಾಲರು ಮೊದಲು ಕೈಹಾಕುವುದೇ ಅಲ್ಲಿಗೆ!

ಮಳೆ ಬಿದ್ದ ಎರಿ (ಕಪ್ಪು ಮಣ್ಣಿನ) ಹೊಲಕ್ಕೆ ಲಾರಿ ಇಳಿಸಬಾರದು, ಖಾಲಿ ಇದ್ದರೂ. ಟ್ರ್ಯಾಕ್ಟರ್ ಟ್ರೇಲರಿನಲ್ಲಿ ರಸ್ತೆಗೆ ತಂದು ಅಲ್ಲಿ ತುಂಬಿಸಿ. ಖಾಲಿ, ಭರ್ತಿ ಎರಡೂ ತೂಕ ಒಂದೇ ಕಾಟಾದಲ್ಲಿ ಆಗಲಿ. ನಡುವೆ ಡೀಸೆಲ್ ಹಾಕಿಸಿದರೆ ಆ ಭಾರವೂ ಕಾಳಿನ ಲೆಕ್ಕಕ್ಕೇ ಸೇರುತ್ತದೆ.