ಆ ‘ಕಿರೀಟ’ವನ್ನು ಇನ್ನೊಮ್ಮೆ ನೋಡಿ

ನಮಸ್ಕಾರ.

‘ಪುಟ್ಟ ಆಮೆಯ ಚಿಪ್ಪಿನ ಆರೈಕೆ’ ಅಂತ ನೀವು ಕಳಿಸಿದ ಲೇಖನ ಓದಿದೆ. ಲೇಖನದ ಮಾತು ಆಮೇಲೆ. ಮೊದಲು ನಿಮ್ಮ ಆಮೆಗೆ ಎಣ್ಣೆ ಹಚ್ಚುವುದನ್ನು ನಿಲ್ಲಿಸಿ. ಕಳೆದ ಭಾನುವಾರ ಹಚ್ಚಿದ್ದು ಇನ್ನೂ ಇದ್ದರೆ ಉಗುರುಬೆಚ್ಚಗಿನ ನೀರಲ್ಲಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಗುರಾಗಿ ತೊಳೆದು ಒರೆಸಿ. ಸೋಪು ಬೇಡ. ಯಾಕೆ ಅಂತ ಕೆಳಗೆ ಹೇಳಿದ್ದೇನೆ, ಆದರೆ ಓದಿ ಮುಗಿಸುವ ತನಕ ಕಾಯಬೇಡಿ.

ಬರವಣಿಗೆ ಚೆನ್ನಾಗಿದೆ. ಸಲೀಸಾಗಿ ಓದಿಸಿಕೊಂಡು ಹೋಗುತ್ತದೆ, ಕಾಗುಣಿತದ ತಪ್ಪು ಒಂದೂ ಸಿಗಲಿಲ್ಲ. ನೀರಿನ ತಟ್ಟೆಗೆ ಬಿಟ್ಟ ಕೂಡಲೇ ಮರಿ ‘ಕತ್ತು ಚಾಚಿ, ಮೂಗು ಮುಳುಗಿಸಿ, ಗಂಟಲನ್ನಷ್ಟೇ ಆಡಿಸುತ್ತ’ ಕುಡಿಯುತ್ತದೆ ಎಂದಿದ್ದೀರಲ್ಲ, ಅದು ಪಕ್ಕದಲ್ಲಿ ಕೂತು ನೋಡಿದವರು ಮಾತ್ರ ಬರೆಯುವ ಸಾಲು. ಆದರೂ ಈ ಲೇಖನವನ್ನು ನಾನು ಪತ್ರಿಕೆಯಲ್ಲಿ ಹಾಕಲಾರೆ. ನಿಮ್ಮ ಎರಡನೇ ಪ್ಯಾರಾ ನನ್ನನ್ನು ಎರಡು ದಿನ ಬಿಡಲಿಲ್ಲ. ಅದು ಹೀಗಿದೆ:

‘ಚಿಪ್ಪು ಆಮೆಯ ಕೋಟೆ. ಹುಟ್ಟುವಾಗಲೇ ಹೊತ್ತು ತಂದ ಮನೆ. ನನ್ನ ಮರಿಯ ಬೆನ್ನ ಮೇಲೆ ಈಗ ಪುಟ್ಟ ಪುಟ್ಟ ಗೋಪುರಗಳು ಎದ್ದಿವೆ, ರಾಜನ ಕಿರೀಟವೇ ಸರಿ. ಈ ಕೋಟೆ ಸದಾ ಮಿರಮಿರ ಮಿಂಚಲಿ ಎಂದು ಪ್ರತಿ ಭಾನುವಾರ ಎರಡು ಹನಿ ಎಣ್ಣೆ ಹಾಕಿ ತಿಕ್ಕುತ್ತೇನೆ.’

ನಾಲ್ಕೇ ಸಾಲು. ಒಂದೊಂದಾಗಿ ನೋಡೋಣ.

‘ಚಿಪ್ಪು ಆಮೆಯ ಕೋಟೆ.’ ಎಲ್ಲರೂ ಹೀಗೇ ಬರೆಯುತ್ತಾರೆ, ಅದಕ್ಕೇ ನಿಮ್ಮ ಕೈಯಿಂದಲೂ ಬಂತು. ಆದರೆ ಕೋಟೆಗೆ ನೋವಾಗುವುದಿಲ್ಲ. ಆಮೆಯ ಚಿಪ್ಪು ಮೂಳೆ. ಅದರ ಪಕ್ಕೆಲುಬು, ಬೆನ್ನುಮೂಳೆ ಎಲ್ಲ ಅಗಲವಾಗಿ ಬೆಳೆದು ಒಂದಕ್ಕೊಂದು ಬೆಸೆದುಕೊಂಡು ಆ ಗುಮ್ಮಟ ಆಗಿದೆ. ಅದರ ಮೇಲೆ ನಮ್ಮ ಉಗುರಿನಲ್ಲಿರುವ ಕೆರಾಟಿನ್‌ನದೇ ತೆಳುವಾದ ಬಿಲ್ಲೆಗಳು ಹೊದಿಸಿದ ಹಾಗೆ ಕೂತಿವೆ. ಒಳಗೆ ರಕ್ತ ಹರಿಯುತ್ತದೆ, ನರಗಳಿವೆ. ಬೆರಳ ತುದಿಯಿಂದ ಚಿಪ್ಪನ್ನು ಮೆಲ್ಲಗೆ ಮುಟ್ಟಿದರೂ ಅದಕ್ಕೆ ಗೊತ್ತಾಗುತ್ತದೆ. ಚಿಪ್ಪಿನ ಅಂಚಿಗೆ ತೂತು ಕೊರೆದು ದಾರ ಕಟ್ಟುವವರು ಇದ್ದಾರೆ, ಅವರೂ ‘ಕೋಟೆ’ ಅಂತಲೇ ಅಂದುಕೊಂಡಿರುತ್ತಾರೆ ಅಲ್ವಾ?

‘ಹುಟ್ಟುವಾಗಲೇ ಹೊತ್ತು ತಂದ ಮನೆ.’ ಮನೆ ಅಂದರೆ ಕಟ್ಟಿ ಮುಗಿದದ್ದು. ಆಮೆ ಮರಿಯ ಚಿಪ್ಪು ಮುಗಿದಿರುವುದಿಲ್ಲ. ಮೊಟ್ಟೆಯಿಂದ ಬಂದಾಗ ಅದು ತೆಳ್ಳಗಿರುತ್ತದೆ, ಒತ್ತಿದರೆ ಚೂರು ಬಾಗುತ್ತದೆ. ಆಮೇಲೆ ತಿಂದದ್ದರಿಂದ, ಬಿಸಿಲಿನಿಂದ, ನೀರಿನಿಂದ ದಿನಾ ಸ್ವಲ್ಪ ಸ್ವಲ್ಪವಾಗಿ ಅದು ಗಟ್ಟಿಯಾಗುತ್ತ ಹೋಗಬೇಕು. ಪ್ರತಿ ಬಿಲ್ಲೆಯ ಅಂಚಿನಲ್ಲಿ ಹೊಸ ಕೆರಾಟಿನ್ ಸೇರುತ್ತ ಬಿಲ್ಲೆ ಅಗಲವಾಗುತ್ತದೆ. ಚೆನ್ನಾಗಿ ಬೆಳೆಯುತ್ತಿರುವ ಮರಿಯನ್ನು ಬೆಳಕಿಗೆ ಹಿಡಿದು ನೋಡಿ, ಎರಡು ಬಿಲ್ಲೆಗಳ ನಡುವೆ ತಿಳಿ ಬಣ್ಣದ ಒಂದು ಗೆರೆ ಕಾಣುತ್ತದೆ. ಅದು ಈಚೆಗೆ ಬೆಳೆದ ಜಾಗ. ನಿಮ್ಮ ಲೇಖನ ಪೂರ್ತಿ ಆ ಗೆರೆಯ ಬಗ್ಗೆಯೇ ಇರಬೇಕಿತ್ತು. ನೀವು ಅದನ್ನು ನೋಡಿಯೇ ಇಲ್ಲ ಅನಿಸುತ್ತದೆ, ಯಾಕಂದರೆ ‘ಮನೆ’ ಅಂದ ಮೇಲೆ ಅಲ್ಲಿ ಬೆಳೆಯುವುದು ಏನೂ ಉಳಿಯಲಿಲ್ಲ.

‘ರಾಜನ ಕಿರೀಟವೇ ಸರಿ.’ ಇಲ್ಲಿ ನಾನು ಹಾಳೆ ಕೆಳಗಿಟ್ಟೆ. ನೀವು ಕಿರೀಟ ಅಂದದ್ದಕ್ಕೆ ಆಮೆ ಸಾಕುವವರ ಬಾಯಲ್ಲಿ ಪಿರಮಿಡ್ಡಿಂಗ್ ಅಂತ ಹೆಸರು. ಅಗಲಕ್ಕೆ ಹರಡಬೇಕಾದ ಬಿಲ್ಲೆ ಎತ್ತರಕ್ಕೆ ಏಳುತ್ತದೆ, ನಯವಾಗಿರಬೇಕಾದ ಬೆನ್ನು ಗುಡ್ಡ ಗುಡ್ಡ ಆಗುತ್ತದೆ. ಕೆಲವು ಜಾತಿಗಳಲ್ಲಿ ಅಲ್ಪಸ್ವಲ್ಪ ಉಬ್ಬು ಸಹಜ, ಅದು ನಿಜ. ಆದರೆ ನೀವು ಜಾತಿ ಯಾವುದೆಂದು ಹೇಳಿಲ್ಲ, ‘ಈಗ ಎದ್ದಿವೆ’ ಎಂದು ಮಾತ್ರ ಹೇಳಿದ್ದೀರಿ. ಮೊದಲು ಇರಲಿಲ್ಲ, ಈಗ ಬಂತು. ಅಂದರೆ ಆ ಮರಿ ಇರುವ ಜಾಗದಲ್ಲಿ ಏನೋ ಸರಿಯಿಲ್ಲ, ಹೆಚ್ಚಾಗಿ ಗಾಳಿ ತುಂಬಾ ಒಣಗಿದೆ. ಇದಕ್ಕೆಲ್ಲ ಆಹಾರದ ಪ್ರೊಟೀನ್ ಕಾರಣ ಅಂತ ತುಂಬಾ ಕಾಲ ನಂಬಿದ್ದರು. ಆಫ್ರಿಕಾದ ಸಲ್ಕಾಟಾ ಆಮೆ ಮರಿಗಳನ್ನು ಬೇರೆ ಬೇರೆ ತೇವದಲ್ಲಿ, ಬೇರೆ ಬೇರೆ ಪ್ರಮಾಣದ ಪ್ರೊಟೀನ್ ಕೊಟ್ಟು ಬೆಳೆಸಿ ನೋಡಿದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಒಣ ಗಾಳಿಯಲ್ಲಿದ್ದ ಮರಿಗಳಿಗೇ ಗುಡ್ಡ ಜಾಸ್ತಿ ಎದ್ದಿತ್ತು, ಪ್ರೊಟೀನಿನ ಪಾಲು ಸಣ್ಣದು. ಕಾಡಿನ ಮರಿಗಳು ದಿನದ ಬಹುಪಾಲು ಹುಲ್ಲಿನ ಬುಡದಲ್ಲಿ, ಮಣ್ಣಿನ ಬಿಲದಲ್ಲಿ, ತೇವ ಇರುವ ಕಡೆ ಅಡಗಿರುತ್ತವೆ. ನಾವು ತಂದು ಬಿಸಿ ಬಲ್ಬಿನ ಕೆಳಗೆ ಒಣ ಪೆಟ್ಟಿಗೆಯಲ್ಲಿ ಇಡುತ್ತೇವೆ.

ಎದ್ದ ಗುಡ್ಡ ಮತ್ತೆ ಇಳಿಯುವುದಿಲ್ಲ. ಇನ್ನು ಮುಂದೆ ಬೆಳೆಯುವುದನ್ನು ನಯವಾಗಿ ಬೆಳೆಸಬಹುದು, ಅಷ್ಟೇ. ಒಂದು ಮರಿಯ ಬೆನ್ನ ಮೇಲೆ ಜೀವಮಾನ ಪೂರ್ತಿ ಉಳಿಯುವ ಗುರುತು ಅದು. ಅದನ್ನು ಕಿರೀಟ ಅಂದಿರಿ. ಓದಿದ ಇನ್ನೊಬ್ಬರು ತಮ್ಮ ಮರಿಯ ಬೆನ್ನು ನೋಡಿ, ‘ನಮ್ಮದಕ್ಕೂ ಕಿರೀಟ ಬರ್ತಾ ಇದೆ’ ಅಂತ ಖುಷಿಪಡುತ್ತಾರೆ. ನನಗೆ ಸಿಟ್ಟು ಬಂದದ್ದು ಇದಕ್ಕೆ. ಹೋಲಿಕೆ ಕೇಳಲು ಚೆಂದ ಇದೆ, ಅದು ಚೆಂದ ಇದೆ ಅನ್ನುವ ಕಾರಣಕ್ಕೆ ನೀವು ಇನ್ನೊಮ್ಮೆ ಆ ಬೆನ್ನನ್ನು ನೋಡಲಿಲ್ಲ.

ಇನ್ನು ಎಣ್ಣೆ. ಕೋಟೆ, ಮನೆ, ಕಿರೀಟ ಅಂತ ಬಂದವರು ಕೊನೆಗೆ ಪಾಲಿಶ್ ಮಾಡದೆ ಇರುತ್ತಾರಾ? ಎಣ್ಣೆ ಒಳಗೆ ಇಳಿದು ಚಿಪ್ಪನ್ನು ಗಟ್ಟಿ ಮಾಡುವುದಿಲ್ಲ. ಮೇಲೆಯೇ ಕೂತು ಧೂಳು, ಮಣ್ಣು ಹಿಡಿದುಕೊಳ್ಳುತ್ತದೆ. ಬಿಲ್ಲೆಗಳ ಸಂದಿಯಲ್ಲಿ ಆ ಜಿಡ್ಡು ನಿಂತರೆ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯಲು ಜಾಗ ಆಗುತ್ತದೆ. ಅಂಗಡಿಯ ಶೆಲ್ ಪಾಲಿಶ್, ಬಣ್ಣ, ನೇಲ್ ಪಾಲಿಶಿನ ಗುರುತು, ಯಾವುದೂ ಬೇಡ. ಆರೋಗ್ಯದ ಚಿಪ್ಪು ಮಂಕಾಗಿಯೇ ಇರಬಹುದು, ಪರವಾಗಿಲ್ಲ.

ನನ್ನ ಎರಡನೇ ತಕರಾರು ಒಂದು ಪದದ ಮೇಲೆ. ‘ಸಾಕಷ್ಟು.’ ಎಣಿಸಿದೆ, 11 ಸಲ ಇದೆ. ಸಾಕಷ್ಟು ಬಿಸಿಲು, ಸಾಕಷ್ಟು ನೀರು, ಸಾಕಷ್ಟು ತೇವ, ಸಾಕಷ್ಟು ಕ್ಯಾಲ್ಸಿಯಂ. ಈ ಪದದ ಜೊತೆ ನನಗೆ ಹಳೇ ಲೆಕ್ಕ ಇದೆ, ಅದಕ್ಕೇ ಸುಮ್ನೆ ಬಿಡಲು ಆಗುತ್ತಿಲ್ಲ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಪತ್ರಿಕೆಯಲ್ಲಿ ಸಾಕುಪ್ರಾಣಿಗಳ ಅಂಕಣದ ಮೂಲೆ ತುಂಬಿಸುವುದು ನನ್ನ ಪಾಲಿಗೆ ಬಂದಿತ್ತು. ನಮ್ಮ ಹಿರಿಯ ಸಂಪಾದಕರಿಗೆ ಒಂದು ಅಭ್ಯಾಸ. ಸಲಹೆಯ ಸಾಲು ಏನು ಹೇಳುತ್ತದೋ ಹಾಗೇ ಎದ್ದು ಮಾಡಿ ತೋರಿಸುತ್ತಿದ್ದರು. ಆಮೆ ಮರಿಯ ಬಗ್ಗೆ ನಾನು ‘ಸಾಕಷ್ಟು ಬಿಸಿಲು ಬೀಳುವ ಕಿಟಕಿಯ ಬಳಿ ಇಡಿ’ ಎಂದು ಬರೆದಿದ್ದೆ. ಅವರು ಮೇಜಿನ ಮೇಲಿದ್ದ ಗುಂಡುಪಿನ್ನಿನ ಡಬ್ಬಿ ತೆಗೆದು ಕಿಟಕಿಯ ಕಟ್ಟೆ ಮೇಲಿಟ್ಟರು. ಹೊರಗೆ ಗಾಳಿ ಇತ್ತು, ಗಾಜಿನ ಬಾಗಿಲು ಎಳೆದು ಹಾಕಿದರು. ‘ಇಟ್ಟೆ. ಎಷ್ಟು ಹೊತ್ತು? ಬಾಗಿಲು ಹಾಕಬಹುದಾ?’ ಅಂದರು. ನಾನು, ‘ಬಿಸಿಲು ಬಿದ್ದರೆ ಆಯ್ತು ಸಾರ್’ ಅಂದೆ. ಗಾಜಿನ ವಿಷಯ ನನಗೆ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಸಾಲು ಅಚ್ಚಾಯಿತು.

ಏಳೆಂಟು ತಿಂಗಳು ಕಳೆದ ಮೇಲೆ ಓದುಗರೊಬ್ಬರು ಚಪ್ಪಲಿಯ ಡಬ್ಬಿಯಲ್ಲಿ ಆಮೆ ತಂದರು. ನಮ್ಮ ಅಂಕಣ ಕತ್ತರಿಸಿ ಅದೇ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದ್ದರು. ಬೈಯಲಿಲ್ಲ, ‘ನೀವು ಹೇಳಿದ ಹಾಗೇ ದಿನಾ ಕಿಟಕಿ ಹತ್ತಿರ ಇಟ್ಟಿದ್ದೆ’ ಎಂದರು. ಸಂಪಾದಕರು ನನ್ನನ್ನು ಕರೆದು ಆಮೆಯನ್ನು ಕೈಗೆ ಕೊಟ್ಟರು. ಬೆನ್ನ ಮೇಲೆ ಹೆಬ್ಬೆರಳು ಇಟ್ಟೆ. ಎರಡು ವರ್ಷದ ಮರಿ, ಆ ಹೊತ್ತಿಗೆ ಕಲ್ಲಿನ ಹಾಗೆ ಇರಬೇಕಿತ್ತು. ನೆನೆದ ರಟ್ಟಿನ ಹಾಗೆ ಒಳಗೆ ಹೋಯಿತು. ಬೆರಳು ತೆಗೆದ ಮೇಲೆ ನಿಧಾನಕ್ಕೆ ಮೇಲೆ ಬಂತು. ಹಿಂಗಾಲು ಊರಿ ಎದ್ದು ನಿಲ್ಲಲು ನೋಡುತ್ತಿತ್ತು, ಆಗುತ್ತಿರಲಿಲ್ಲ. ಪಶುವೈದ್ಯರು ಅದನ್ನು ಉಳಿಸಿದರು, ಆದರೆ ಅದರ ನಡಿಗೆ ಮೊದಲಿನಂತೆ ಆಗಲಿಲ್ಲ. ಈಗಲೂ ‘ಸಾಕಷ್ಟು’ ಅಂತ ಓದಿದಾಗ ನನ್ನ ಹೆಬ್ಬೆರಳಿಗೆ ಆ ಮೆತ್ತಗಿನ ಬೆನ್ನು ನೆನಪಾಗುತ್ತದೆ.

ಹಾಗಾಗಿ ನಿಮ್ಮ ಸಾಲುಗಳನ್ನು ಬಿಡಿಸಿ ನೋಡುತ್ತೇನೆ. ಇದು ನಿಮಗಾಗಿ ಎಷ್ಟೋ ಅಷ್ಟೇ ನನಗಾಗಿಯೂ.

‘ದಿನವೂ ಸಾಕಷ್ಟು ಬಿಸಿಲು ಸಿಗಲಿ.’ ಬಿಸಿಲಿನಲ್ಲಿ ಬೇಕಾದದ್ದು ಶಾಖ ಮಾತ್ರ ಅಲ್ಲ, ಯುವಿಬಿ ಎಂಬ ಕಿರಣ. ಅದು ಚರ್ಮಕ್ಕೆ ಬಿದ್ದರೆ ಮೈಯಲ್ಲಿ ಡಿ3 ವಿಟಮಿನ್ ಆಗುತ್ತದೆ, ಡಿ3 ಇದ್ದರೆ ಮಾತ್ರ ತಿಂದ ಕ್ಯಾಲ್ಸಿಯಂ ಕರುಳಿನಿಂದ ಮೈಗೆ ಚೆನ್ನಾಗಿ ಸೇರುತ್ತದೆ. ಕಿಟಕಿಯ ಗಾಜು ಬೆಳಕು ಬಿಡುತ್ತದೆ, ಶಾಖ ಬಿಡುತ್ತದೆ, ಯುವಿಬಿಯನ್ನು ಬಹುತೇಕ ತಡೆದುಬಿಡುತ್ತದೆ. ಆ ಓದುಗರ ಮರಿ ದಿನಾ ಬಿಸಿಲಲ್ಲೇ ಇತ್ತು, ಬೇಕಾದದ್ದು ಮಾತ್ರ ಅದಕ್ಕೆ ಸಿಗಲೇ ಇಲ್ಲ. ಆದ್ದರಿಂದ ‘ಗಾಜು ಅಡ್ಡ ಇಲ್ಲದ ನೇರ ಬಿಸಿಲು, ಪಕ್ಕದಲ್ಲೇ ಸರಿದುಕೊಳ್ಳಲು ನೆರಳು’ ಎಂದು ಬರೆಯಿರಿ. ಗಾಜಿನ ತೊಟ್ಟಿಯ ಸಮೇತ ಬಿಸಿಲಿಗೆ ಇಡಬಾರದು ಅನ್ನುವುದನ್ನೂ ಬರೆಯಿರಿ, ಒಳಗೆ ಬೇಗ ಕಾದು ಮರಿ ಸಾಯುತ್ತದೆ. ಹೊರಗೆ ಬಿಡಲು ಆಗದವರಿಗೆ ಯುವಿಬಿ ದೀಪ ಬೇಕು. ಅದರ ಯುವಿಬಿ ಬೆಳಕಿಗಿಂತ ಮೊದಲೇ ಕುಗ್ಗುತ್ತದೆ. ದೀಪ ಉರಿಯುತ್ತಲೇ ಇರುತ್ತದೆ, ನಾವು ಎಲ್ಲ ಸರಿಯಿದೆ ಅಂದುಕೊಳ್ಳುತ್ತೇವೆ. ದೀಪದ ಬಗೆ ನೋಡಿಕೊಂಡು 6ರಿಂದ 12 ತಿಂಗಳಿಗೊಮ್ಮೆ ಬದಲಿಸಬೇಕು.

‘ಗೂಡಿನಲ್ಲಿ ಸಾಕಷ್ಟು ತೇವ ಇರಲಿ.’ ಯಾವ ಜಾತಿ ಎಂದು ಹೇಳಿದರೆ ಅಂಕಿ ಹೇಳಬಹುದು. ಸಾಕುವ ಹಲವು ಜಾತಿಗಳ ಮರಿಗಳಿಗೆ ಶೇ. 60ರಿಂದ 80ರಷ್ಟು ತೇವ ಇಡುತ್ತಾರೆ. ಅಳೆಯಲು ಹೈಗ್ರೋಮೀಟರ್ ಇದೆ, ಅದನ್ನು ಗೋಡೆಯ ಮೇಲ್ಗಡೆ ಸಿಕ್ಕಿಸಿದರೆ ಪ್ರಯೋಜನ ಇಲ್ಲ, ಮರಿಯ ಬೆನ್ನಿನ ಎತ್ತರದಲ್ಲಿ ಇಡಬೇಕು. ತೇವ ಅಂದ ಕೂಡಲೇ ಜನ ಗೂಡಿನ ನೆಲದ ಹಾಸನ್ನೆಲ್ಲ ಕೆಸರು ಮಾಡಿಬಿಡುತ್ತಾರೆ, ಆಗ ಹೊಟ್ಟೆಯ ಕಡೆಯ ಚಿಪ್ಪು ಕೊಳೆಯಲು ಶುರುವಾಗುತ್ತದೆ. ಹಾಸಿನ ಅಡಿಭಾಗ ಒದ್ದೆ ಇದ್ದು ಮೇಲ್ಭಾಗ ಒಣಗಿರಬೇಕು, ಮರಿ ನುಗ್ಗಿ ಮಲಗುವ ಮರೆಯೊಳಗೆ ಒಂದು ಮುಷ್ಟಿ ಒದ್ದೆ ಪಾಚಿ (ಮಾಸ್) ಇಟ್ಟರೆ ಇನ್ನೂ ಒಳ್ಳೆಯದು. ವಾರಕ್ಕೊಮ್ಮೆ ಮರಿಯನ್ನು ಎತ್ತಿ ಹೊಟ್ಟೆಯ ಕಡೆ ನೋಡಿ, ಮೂಗಿಗೆ ಹಿಡಿಯಿರಿ. ಕೆಟ್ಟ ವಾಸನೆ, ಮೆತ್ತಗಿನ ಮಚ್ಚೆ, ಎದ್ದು ಬರುತ್ತಿರುವ ಬಿಲ್ಲೆ ಕಂಡರೆ ವೈದ್ಯರ ಹತ್ತಿರ ಹೋಗಬೇಕು. ನೀರಿನ ಕೆರೆಯ ಆಮೆಗಳು ಬಿಲ್ಲೆ ಕಳಚುತ್ತವೆ ಅಂತ ಓದಿ ನೆಲದ ಆಮೆಯದೂ ಹಾಗೇ ಅಂದುಕೊಳ್ಳಬೇಡಿ, ಅದು ಹಾಗೆ ಕಳಚುವುದಿಲ್ಲ.

‘ಸಾಕಷ್ಟು ನೀರಿನಲ್ಲಿ ಆಗಾಗ ಬಿಡಿ.’ ನಿಮ್ಮ ಇಡೀ ಲೇಖನದ ಒಳ್ಳೆಯ ಸಾಲು ಇದರ ಪಕ್ಕದಲ್ಲೇ ಇದೆ, ಮರಿ ನೀರು ಕುಡಿಯುವ ಸಾಲು. ಅಷ್ಟು ಚೆನ್ನಾಗಿ ನೋಡಿದವರು ಪಕ್ಕದಲ್ಲಿ ‘ಆಗಾಗ’ ಅಂತ ಬರೆಯುವುದಾ? ಉಗುರುಬೆಚ್ಚಗಿನ ನೀರು, ನಿಂತಾಗ ಗದ್ದದ ಕೆಳಗೇ ಇರಬೇಕು. 15ರಿಂದ 20 ನಿಮಿಷ. ಎಳೆಯ ಮರಿಗೆ ದಿನಾ. ಆಮೇಲೆ ಒರೆಸಿ ಬಿಡುವುದು. ಇಷ್ಟನ್ನು ಬರೆದರೆ ಓದಿದವರು ಎದ್ದು ಹೋಗಿ ಮಾಡಬಹುದು.

ಕ್ಯಾಲ್ಸಿಯಂ ಬಗ್ಗೆ ನೀವು ಬರೆದದ್ದರಲ್ಲಿ ಒಂದೇ ಒಂದು ತಿದ್ದುತ್ತೇನೆ. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದೆ, ಸರಿ, ಆದರೆ ಅದರಲ್ಲಿರುವ ಆಕ್ಸಲೇಟ್ ಆ ಕ್ಯಾಲ್ಸಿಯಂನ್ನು ಕಟ್ಟಿಹಾಕುತ್ತದೆ. ಪಾಲಕ್ ಜೊತೆ ನೀವು ಬರೆದ ‘ಧಾರಾಳವಾಗಿ’ ಎಂಬ ಪದವನ್ನು ತೆಗೆದುಹಾಕಿ. ಉಳಿದ ಪ್ಯಾರಾಗಳ ಬಗ್ಗೆ ಈಗ ಮಾತು ಬೇಡ.

ಹಾಳೆ ವಾಪಸ್ ಕಳಿಸುತ್ತಿದ್ದೇನೆ. ತಿದ್ದಲು ಕೂರುವ ಮೊದಲು ಸರೀಸೃಪಗಳನ್ನು ನೋಡುವ ಪಶುವೈದ್ಯರಿಗೆ ಮರಿಯನ್ನು ಒಮ್ಮೆ ತೋರಿಸಿ. ಎಣ್ಣೆ ಬಿಟ್ಟು, ತೇವ ಅಳೆದು, ದಿನಾ ನೀರಿಗೆ ಬಿಟ್ಟು ಮೂರು ತಿಂಗಳು ನೋಡಿ. ಬಿಲ್ಲೆಗಳ ನಡುವೆ ತಿಳಿ ಬಣ್ಣದ ಗೆರೆ ಬಂತಾ, ಬಂದರೆ ಅದು ಚಪ್ಪಟೆಯಾಗಿ ಬಂತಾ, ಗುಡ್ಡದ ಇಳಿಜಾರಿನಲ್ಲೇ ಬಂತಾ, ಅದನ್ನಷ್ಟೇ ಎರಡು ಸಾಲಲ್ಲಿ ಬರೆದು ಕಳಿಸಿ. ಲೇಖನ ಆಮೇಲೆ ನೋಡೋಣ.