ಘಟ್ಟದಿಂದ ಕಡಲಿಗೆ ಸೈಕಲ್ ದಾರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಆನೆಗುಂದಿಯ ಬಂಡೆಗಳ ನಡುವಿನ ಸೈಕಲ್ ದಾರಿಗಳ ಬಗ್ಗೆ ಈ ಅಂಕಣದಲ್ಲಿ ಬರೆದ ಮೇಲೆ ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಪಡುವಣಕ್ಕೆ ಮುಖ ಮಾಡಿವೆ. ಆದ್ದರಿಂದ ಈ ಸಲದ ಪುಟವನ್ನು ಉತ್ತರ ಕನ್ನಡದ ಘಟ್ಟ ಮತ್ತು ಕರಾವಳಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಾವು ಮೂವರು ಗೆಳೆಯರು ವಾರಕ್ಕೆರಡು ಸಲ ಸಾಣಾಪುರ ಕೆರೆಯ ಸುತ್ತ ಮೌಂಟನ್ ಸೈಕಲ್ ತುಳಿಯುತ್ತೇವೆ. ಡಿಸೆಂಬರಿನಲ್ಲಿ ಶಿರಸಿಯಿಂದ ಕಾಡಿನ ದಾರಿಯಾಗಿ ಕಡಲಿಗೆ ಹೋಗುವ ಆಸೆಯಿದೆ. ಬಯಲುಸೀಮೆಯ ನಮ್ಮ ಕಾಲಿಗೆ ಘಟ್ಟ ಒಗ್ಗೀತೆ? ಯಾವ ದಾರಿ ಹಿಡಿಯಬೇಕು?
– ಓದುಗರೊಬ್ಬರು, ಗಂಗಾವತಿ

ಉತ್ತರ: ಘಟ್ಟವೆಂದರೆ ಹತ್ತುವುದು ಎಂಬ ಎಣಿಕೆ ನಮ್ಮ ಕಡೆಯವರಲ್ಲಿ ಗಟ್ಟಿಯಾಗಿ ಕೂತಿದೆ. ಲೆಕ್ಕ ಹಾಕಿ ನೋಡಿ: ಕೊಪ್ಪಳ ಸಮುದ್ರಮಟ್ಟದಿಂದ ಸುಮಾರು 530 ಮೀಟರ್ ಎತ್ತರದಲ್ಲಿದೆ, ಶಿರಸಿ ಸುಮಾರು 590 ಮೀಟರ್. ಅಂದರೆ ನೀವು ಈಗಾಗಲೇ ಘಟ್ಟದ ಮೇಲೆಯೇ ಇದ್ದೀರಿ. ಶಿರಸಿಯಿಂದ ಮುಂದೆ ಕಡಲವರೆಗೆ ಒಟ್ಟಾರೆ ಇಳಿಜಾರೇ ಹೊರತು ಏರಲ್ಲ. ನಡುನಡುವೆ ಹಳ್ಳಕ್ಕಿಳಿದು ಮತ್ತೆ ಏರುವ ಚಿಕ್ಕ ದಿಬ್ಬಗಳು ಬೇಕಾದಷ್ಟಿವೆ, ಅವು ದಣಿಸುವುದೂ ನಿಜ. ಆದರೆ ಸಾಣಾಪುರದ ಏರುಗಳನ್ನು ತುಳಿದವರಿಗೆ ಅವು ಹೊಸತಾಗುವುದಿಲ್ಲ. ಹೊಸತಾಗುವುದು ಇಳಿಯುವ ಕೆಲಸ. ನಮ್ಮಲ್ಲಿ ಇಳಿಜಾರು ಎರಡು ಮೂರು ನಿಮಿಷಕ್ಕೆ ಮುಗಿಯುತ್ತದೆ, ಅಲ್ಲಿ ಕಿಲೋಮೀಟರುಗಟ್ಟಲೆ ಸಾಗುತ್ತದೆ. ತಿರುವಿನಾಚೆಗೆ ಬಸ್ಸು ಬರುತ್ತಿದೆಯೋ ದನ ಮಲಗಿದೆಯೋ ಎಂಬುದು ಮರಗಳ ನೆರಳಿನಲ್ಲಿ ಕಾಣುವುದಿಲ್ಲ.

ಆದ್ದರಿಂದ ತೊಡೆಯ ಬಲಕ್ಕಿಂತ ಬ್ರೇಕಿನ ಶಿಸ್ತನ್ನು ಕಲಿತು ಹೊರಡಿ. ಉದ್ದಕ್ಕೂ ಬ್ರೇಕನ್ನು ಅರೆಬರೆ ಒತ್ತಿಕೊಂಡೇ ಇಳಿದರೆ ಡಿಸ್ಕ್ ಕಾದು ಹಿಡಿತ ತಗ್ಗುತ್ತದೆ. ತಿರುವಿಗೆ ಮುಂಚೆ ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಬಿಟ್ಟುಬಿಡಬೇಕು. ಪೆಡಲುಗಳೆರಡೂ ಒಂದೇ ಮಟ್ಟದಲ್ಲಿರಬೇಕು, ಮೈಭಾರ ಸೀಟಿನ ಹಿಂಬದಿಗೆ ಸರಿದಿರಬೇಕು. ಅಭ್ಯಾಸಕ್ಕೆ ಸಂಡೂರಿನ ಕುಮಾರಸ್ವಾಮಿ ಬೆಟ್ಟದ ರಸ್ತೆಯೇ ಸಾಕು, ಅದಿರಿನ ಲಾರಿಗಳ ಓಡಾಟ ಕಡಿಮೆ ಇರುವ ಹೊತ್ತು ನೋಡಿಕೊಂಡು ಹೋಗಿ.

ಇನ್ನು ದಾರಿ. ಶಿರಸಿಯಿಂದ ದೇವಿಮನೆ ಘಟ್ಟದ ಮೂಲಕ ಕುಮಟಾಕ್ಕೆ ಹೋಗುವ ಹೆದ್ದಾರಿ ಎಲ್ಲರಿಗೂ ಗೊತ್ತಿರುವುದೇ. ಆದರೆ ಅಲ್ಲಿ ಅಗಲೀಕರಣದ ಕಾಮಗಾರಿ ವರ್ಷಗಳಿಂದ ನಡೆದಿದೆ, ವಾಹನಗಳೂ ಹೆಚ್ಚು. ನನ್ನ ಮನಸ್ಸು ವಾಲುವುದು ಸಿದ್ದಾಪುರದಿಂದ ದೊಡ್ಮನೆ ಘಟ್ಟವಾಗಿ ಕುಮಟಾಕ್ಕೆ ಇಳಿಯುವ ಕಿರಿದಾದ ರಸ್ತೆಯ ಕಡೆಗೆ. ಮೊದಲ ದಿನ ಶಿರಸಿಯಿಂದ ಹೊರಟು, ಅಘನಾಶಿನಿ ನದಿ 116 ಮೀಟರ್ ಕೆಳಕ್ಕೆ ಧುಮುಕುವ ಉಂಚಳ್ಳಿ ಜಲಪಾತ ನೋಡಿಕೊಂಡು ಸಿದ್ದಾಪುರದಲ್ಲಿ ತಂಗಿ. ಎರಡನೆಯ ದಿನ ಬೆಳಗ್ಗೆ ಮಂಜು ಕರಗಿದ ಮೇಲೆ ಘಟ್ಟ ಇಳಿಯಿರಿ. ಮೂರನೆಯ ದಿನ ಕುಮಟಾದಿಂದ ಹೆದ್ದಾರಿಯನ್ನು ಬಿಟ್ಟು, ಬಾಡ, ಕಾಗಾಲ ಊರುಗಳ ಮೂಲಕ ಅಘನಾಶಿನಿ ಎಂಬ ಹಳ್ಳಿಗೆ ಹೋದರೆ, ಮೊದಲ ದಿನ ಜಲಪಾತವಾಗಿ ಕಂಡ ಅದೇ ನದಿ ಅಗಲವಾದ ಅಳಿವೆಯಾಗಿ ಸಮುದ್ರ ಸೇರುವುದನ್ನು ನೋಡುತ್ತೀರಿ. ಅಲ್ಲಿಂದ ದೋಣಿಯಲ್ಲಿ ಸೈಕಲ್ ಏರಿಸಿಕೊಂಡು ತದಡಿಗೆ ದಾಟಿದರೆ ಗೋಕರ್ಣ ಹತ್ತಿರ. ಒಂದು ನದಿಯನ್ನು ಕಾಡಿನಿಂದ ಕಡಲವರೆಗೆ ಸೈಕಲ್ಲಿನ ಮೇಲೆ ಹಿಂಬಾಲಿಸುವ ಸುಖ ನಮ್ಮ ಕಡೆ ತುಂಗಭದ್ರೆಯೂ ಕೊಡಲಾರಳು. ಆಕೆಯ ದಾರಿ ಬಲು ದೂರದ್ದು.

ಯಾಣವನ್ನು ಸೇರಿಸಬಹುದೆ ಎಂದೂ ಕೇಳಿದ್ದೀರಿ. ಸೇರಿಸಬಹುದು, ಒಂದು ದಿನ ಹೆಚ್ಚಿಗೆ ಬೇಕು. ಕೊನೆಯ ತುಂಡು ಕಾಲ್ನಡಿಗೆಯದ್ದಾದ್ದರಿಂದ ಸೈಕಲ್ಲಿಗೆ ಬೀಗ ಹಾಕಿ ಹೋಗಬೇಕು. ಡಿಸೆಂಬರಿನ ಬದಲು ನವೆಂಬರ್ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಕಾರಣ ಕೊಪ್ಪಳದ ತಾಯಿಯೊಬ್ಬರಿಗೆ ಕೊಟ್ಟ ಉತ್ತರದಲ್ಲಿದೆ.

ಪ್ರಶ್ನೆ: ಮಳೆಗಾಲದಲ್ಲಿ ಹೋದರೆ ಚೆನ್ನ ಎನ್ನುತ್ತಾರೆ. ನಿಜವೆ?
– ಓದುಗರೊಬ್ಬರು, ರಾಯಚೂರು

ಉತ್ತರ: ನೋಡಲು ಚೆನ್ನ, ಸೈಕಲ್ ತುಳಿಯಲು ಬೇಡ. ನಮ್ಮ ಎರೆ ಭೂಮಿಯಲ್ಲಿ ಮಳೆ ಬಂದರೆ ಮಣ್ಣು ಗಾಲಿಗೆ ಮೆತ್ತಿ ಸೈಕಲ್ ನಿಂತೇ ಹೋಗುತ್ತದೆ, ಅಷ್ಟರಮಟ್ಟಿಗೆ ಅದು ಸವಾರನನ್ನು ಕಾಯುತ್ತದೆ. ಕರಾವಳಿಯ ಚಿರೆಕಲ್ಲಿನ ಮೇಲೆ ಪಾಚಿ ಕಟ್ಟಿದರೆ ಸೈಕಲ್ ನಿಲ್ಲುವುದೇ ಇಲ್ಲ.

ಪ್ರಶ್ನೆ: ಪಶ್ಚಿಮ ಘಟ್ಟದ ಕಾಡಿನೊಳಗಿನ ಕಾಲುದಾರಿಗಳಲ್ಲಿ ಸೈಕಲ್ ಓಡಿಸುವ ವಿಡಿಯೊಗಳನ್ನು ನೋಡುತ್ತೇನೆ. ಸೈಕಲ್ಲಿಗೆ ಹೊಗೆಯಿಲ್ಲ, ಸದ್ದಿಲ್ಲ. ಹಾಗಿದ್ದ ಮೇಲೆ ಅನುಮತಿ ಏಕೆ ಬೇಕು?
– ಕಾಲೇಜು ವಿದ್ಯಾರ್ಥಿ, ಬಳ್ಳಾರಿ

ಉತ್ತರ: ಕಾನೂನು ಹೊಗೆ ಮತ್ತು ಸದ್ದನ್ನು ಮಾತ್ರ ನೋಡುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳೊಳಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಕಾಲ್ನಡಿಗೆಗೇ ಇಲ್ಲದ ಹಕ್ಕು ಸೈಕಲ್ಲಿಗೆ ಎಲ್ಲಿಂದ ಬರಬೇಕು? ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಕುದುರೆಮುಖ, ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ ಇವೆಲ್ಲವುಗಳ ನಡುವೆ ಸಾರ್ವಜನಿಕ ರಸ್ತೆಗಳು ಹಾದುಹೋಗುತ್ತವೆ. ಆ ರಸ್ತೆಯ ಮೇಲೆ ನೀವು ಸವಾರರು, ಅದರಿಂದ ಪಕ್ಕಕ್ಕೆ ಇಳಿದ ಕೂಡಲೇ ಅತಿಕ್ರಮಿಗಳು. ಅರಣ್ಯ ಇಲಾಖೆ ಗೊತ್ತುಪಡಿಸಿದ ಚಾರಣ ದಾರಿಗಳಿಗೆ ಕೊಡುವ ಅನುಮತಿ ನಡೆದುಹೋಗುವವರಿಗಾಗಿ. ಅದರಲ್ಲಿ ಸೈಕಲ್ಲೂ ಸೇರಿದೆಯೆಂದು ನೀವಾಗಿಯೇ ಭಾವಿಸಬೇಡಿ, ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳಿಯೇ ಹೊರಡಿ. ಸದ್ದಿಲ್ಲದಿರುವುದು ಗುಣವೇನೋ ಹೌದು, ಕಾಡಿನ ತಿರುವಿನಲ್ಲಿ ಅದೇ ದೋಷ: ಕಾಟಿಗೆ, ಅಂದರೆ ಕಾಡುಕೋಣಕ್ಕೆ, ನೀವು ಬರುವುದು ಕೇಳಿಸದೆ, ತೀರ ಹತ್ತಿರದಲ್ಲಿ ಎದುರಾಗುತ್ತೀರಿ.

ಹಾಗೆಂದು ಬರೀ ಡಾಂಬರು ರಸ್ತೆಯೇ ಗತಿ ಎಂದಲ್ಲ. ಹಳ್ಳಿಯಿಂದ ಹಳ್ಳಿಗೆ ಹೋಗುವ ಮಣ್ಣಿನ ರಸ್ತೆಗಳು ಶಿರಸಿ, ಸಿದ್ದಾಪುರದ ಸುತ್ತ ಹೇರಳವಾಗಿವೆ, ಮೌಂಟನ್ ಸೈಕಲ್ಲಿಗೆ ಹೇಳಿ ಮಾಡಿಸಿದಂತಿವೆ. ಇವುಗಳಲ್ಲಿ ಕೆಲವು ಅಡಿಕೆ ತೋಟದ ಅಂಚಿನಲ್ಲಿ, ಕೆಲವು ಸೊಪ್ಪಿನ ಬೆಟ್ಟದೊಳಗೆ ಹಾಯುತ್ತವೆ. ಸೊಪ್ಪಿನ ಬೆಟ್ಟವೆಂದರೆ ತೋಟದ ಗೊಬ್ಬರಕ್ಕಾಗಿ ಸೊಪ್ಪು ಕಡಿಯಲು ಬೆಳೆಗಾರರಿಗೆ ಹಕ್ಕಿರುವ ಕಾಡು. ದಾರಿಗೆ ಅಡ್ಡವಾಗಿ ಗಳುಗಳ ದಣಪೆ ಇದ್ದರೆ ಮೊದಲು ಹತ್ತಿರದ ಮನೆಯವರನ್ನು ಕೇಳಿ. ಹೋಗಿ ಎಂದರೆ, ದಾಟಿದ ಮೇಲೆ ಗಳುಗಳನ್ನು ಇದ್ದಂತೆಯೇ ಮತ್ತೆ ಸೇರಿಸಿ. ಒಬ್ಬ ಸವಾರ ತೆರೆದಿಟ್ಟ ದಣಪೆಯಲ್ಲಿ ದನ ನುಗ್ಗಿ ತೋಟ ಮೇಯ್ದರೆ, ಮರುವಾರ ಬಂದವರಿಗೆ ಆ ಮನೆಯಲ್ಲಿ ನೀರೂ ಸಿಗದು. ಗೋಕರ್ಣದ ಕುಡ್ಲೆ, ಓಂ ಕಡಲತೀರಗಳ ನಡುವಿನ ಗುಡ್ಡದ ದಾರಿಯನ್ನೂ ವಿಡಿಯೊದಲ್ಲಿ ನೋಡಿರುತ್ತೀರಿ. ಅದು ನಡೆಯುವವರ ದಾರಿ, ಸೈಕಲ್ಲನ್ನು ಹೊತ್ತು ಸಾಗುವುದೇ ಹೆಚ್ಚಾಗುತ್ತದೆ.

ಪ್ರಶ್ನೆ: ನಮ್ಮಲ್ಲಿ ಮುಳ್ಳಿಗೆ ಹೆದರಿ ಟೈರಿಗೆ ತುಂಬ ಗಾಳಿ ಹಾಕಿಸುತ್ತೇನೆ. ಘಟ್ಟಕ್ಕೂ ಹಾಗೆಯೇ ಹೋಗಬಹುದೆ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಮುಳ್ಳಿಗೂ ಗಾಳಿಯ ಒತ್ತಡಕ್ಕೂ ಅಂಥ ಸಂಬಂಧವಿಲ್ಲ, ಬಳ್ಳಾರಿ ಜಾಲಿಯ ಮುಳ್ಳು ಬಿರುಸು ಟೈರನ್ನೂ ಬಿಡುವುದಿಲ್ಲ, ನೆಗ್ಗಿಲು ಮುಳ್ಳಂತೂ ಕಣ್ಣಿಗೇ ಬೀಳುವುದಿಲ್ಲ. ಅದಕ್ಕೆ ಮದ್ದು ಟ್ಯೂಬ್‌ಲೆಸ್ ಟೈರು ಮತ್ತು ಒಳಗೆ ತೂತು ಮುಚ್ಚುವ ಸೀಲಂಟ್ ದ್ರವ. ನಮ್ಮ ಬಿಸಿಲಿಗೆ ಆ ದ್ರವ ಬೇಗ ಒಣಗುವುದರಿಂದ ಎರಡು ತಿಂಗಳಿಗೊಮ್ಮೆ ನೋಡಿಸಿ. ಘಟ್ಟದ ಇಳಿಜಾರಿನಲ್ಲಿ ಗಾಳಿ ಹೆಚ್ಚಾದ ಟೈರು ಉರುಟು ಗರಸಿನ ಮೇಲೆ ಪುಟಿದು ಜಾರುತ್ತದೆ. 2.2 ಇಂಚು ಅಗಲದ ಟೈರು, ಸಾಧಾರಣ ಮೈತೂಕದ ಸವಾರ ಎಂದರೆ 30 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಆಸುಪಾಸಿನಿಂದ ಆರಂಭಿಸಿ, ರಿಮ್ಮಿಗೆ ಕಲ್ಲು ತಾಗದಷ್ಟು ಮಟ್ಟಿಗೆ ಹೊಂದಿಸಿಕೊಳ್ಳಿ. ಬ್ರೇಕ್ ಪ್ಯಾಡಿನ ಹೆಚ್ಚುವರಿ ಜೊತೆಯೊಂದು ಚೀಲದಲ್ಲಿರಲಿ. ಒದ್ದೆ ಮಣ್ಣಿನಲ್ಲಿ ಅದು ಅರಗಿನಂತೆ ಸವೆಯುತ್ತದೆ.

ಪ್ರಶ್ನೆ: ನನ್ನ ಮಗ ಜನವರಿಯಲ್ಲಿ ಗೆಳೆಯರೊಂದಿಗೆ ಸಿದ್ದಾಪುರದ ಕಡೆ ಸೈಕಲ್ಲಿನಲ್ಲಿ ಹೋಗುತ್ತಾನಂತೆ. ಅಲ್ಲಿ ಮಂಗನ ಕಾಯಿಲೆ ಎಂದು ಕೇಳಿದ್ದೇನೆ. ಕಳುಹಿಸಲೋ ಬೇಡವೋ?
– ತಾಯಿ, ಕೊಪ್ಪಳ

ಉತ್ತರ: ತಾಯಿ, ನಿಮ್ಮ ಅಳುಕು ಸುಮ್ಮನೆ ಬಂದದ್ದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಕಾಡಿನ ಉಣ್ಣೆಗಳ ಕಡಿತದಿಂದ ಬರುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಕಾಲ. ಸಿದ್ದಾಪುರ ತಾಲ್ಲೂಕಿನಲ್ಲಿ 2024ರಲ್ಲಿ ಪ್ರಕರಣಗಳು ಹೆಚ್ಚಾಗಿದ್ದವು. ಸಾಧ್ಯವಾದರೆ ಪ್ರವಾಸವನ್ನು ಅಕ್ಟೋಬರ್ ಕೊನೆ ಅಥವಾ ನವೆಂಬರಿಗೆ ತರಲು ಹೇಳಿ. ಜನವರಿಯಲ್ಲೇ ಹೋಗುವುದಾದರೆ ರಸ್ತೆ ಬಿಟ್ಟು ಕಾಡಿಗೆ ಇಳಿಯಬಾರದು, ತರಗೆಲೆಯ ಮೇಲೆ ಕೂರಬಾರದು, ಮಂಗ ಸತ್ತಿದೆ ಎಂಬ ಸುದ್ದಿಯಿರುವ ಜಾಗದ ಹತ್ತಿರ ಸುಳಿಯಬಾರದು. ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು ಇರಲಿ. ಆರೋಗ್ಯ ಇಲಾಖೆಯವರು ಉಣ್ಣೆ ಕಚ್ಚದಂತೆ ಮೈಗೆ ಹಚ್ಚಿಕೊಳ್ಳಲು ಅಲ್ಲಿಯ ಜನರಿಗೆ ಹಂಚುವ ಡೇಪಾ ತೈಲವನ್ನು ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ ಹಚ್ಚಿಕೊಳ್ಳಲಿ, ಸಂಜೆ ಬಿಸಿನೀರಿನ ಸ್ನಾನ ತಪ್ಪದಿರಲಿ. ಊರಿಗೆ ಬಂದ ವಾರದೊಳಗೆ ಚಳಿಜ್ವರ, ತಲೆನೋವು, ಮೈಕೈ ನೋವು ಕಂಡರೆ ವೈದ್ಯರ ಬಳಿ ‘ಸಿದ್ದಾಪುರದ ಕಾಡಿಗೆ ಹೋಗಿದ್ದೆ’ ಎಂದು ಮೊದಲು ಹೇಳಬೇಕು. ಕೊಪ್ಪಳದಲ್ಲಿ ಕುಳಿತ ವೈದ್ಯರಿಗೆ ಆ ಮಾತಿಲ್ಲದೆ ಈ ಜ್ವರದ ನೆನಪು ಬರುವುದು ಕಷ್ಟ. ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಮನೆಯವರು ಆ ಬಗ್ಗೆ ನಿಶ್ಚಿಂತರಾಗಿರಬಹುದು.

ಪ್ರಶ್ನೆ: ಸೈಕಲ್ಲನ್ನು ಅಲ್ಲಿಯವರೆಗೆ ಸಾಗಿಸುವುದು ಹೇಗೆ, ಹಿಂದಿರುಗುವುದು ಹೇಗೆ?
– ಓದುಗರೊಬ್ಬರು, ಸಂಡೂರು

ಉತ್ತರ: ಬಳ್ಳಾರಿ ಅಥವಾ ಕೊಪ್ಪಳದಿಂದ ಹುಬ್ಬಳ್ಳಿವರೆಗೆ ರೈಲು, ಅಲ್ಲಿಂದ ಮುಂಡಗೋಡದ ಮೂಲಕ ಶಿರಸಿಗೆ ಸುಮಾರು 100 ಕಿಲೋಮೀಟರು ಸೈಕಲ್ ಅಥವಾ ಬಸ್ಸು. ಪ್ರಯಾಣದ ಟಿಕೆಟ್ ತೋರಿಸಿ ಪಾರ್ಸಲ್ ಕಚೇರಿಯಲ್ಲಿ ಸೈಕಲ್ಲನ್ನು ಲಗೇಜಾಗಿ ಬ್ರೇಕ್ ವ್ಯಾನಿಗೆ, ಅಂದರೆ ರೈಲಿನ ಸಾಮಾನಿನ ಡಬ್ಬಿಗೆ, ಹಾಕಿಸಬಹುದು. ರೈಲಿಗೆ ಒಂದು ತಾಸು ಮುಂಚೆ ಹೋಗಿ. ಒಮ್ಮೆ ನನ್ನ ಸೈಕಲ್ಲು ನಾನಿಳಿದ ನಿಲ್ದಾಣದಲ್ಲಿ ಇಳಿಯದೆ ಮುಂದಕ್ಕೆ ಹೋಗಿ, ಎರಡು ದಿನ ಬಿಟ್ಟು ಬಂದಿತ್ತು. ಅಂದಿನಿಂದ ರೈಲು ನಿಂತ ಕೂಡಲೇ ಬ್ರೇಕ್ ವ್ಯಾನಿನ ಬಾಗಿಲಿಗೆ ಓಡುತ್ತೇನೆ, ಚೌಕಟ್ಟಿಗೆ ದಪ್ಪ ಅಕ್ಷರದಲ್ಲಿ ಇಳಿಯುವ ಊರಿನ ಹೆಸರು ಅಂಟಿಸುತ್ತೇನೆ.

ಹಿಂದಿರುಗುವಾಗಲೇ ನಿಜವಾದ ಏರು ಇರುವುದು. ಅದು ಬೇಡವೆಂದರೆ ಕುಮಟಾ ಅಥವಾ ಗೋಕರ್ಣ ರೋಡ್ ನಿಲ್ದಾಣದಿಂದ ಕೊಂಕಣ ರೈಲಿನಲ್ಲಿ ಮಡಗಾಂವ್, ಅಲ್ಲಿಂದ ಹುಬ್ಬಳ್ಳಿ, ಕೊಪ್ಪಳ, ಹೊಸಪೇಟೆ, ಬಳ್ಳಾರಿ ಹಾಯುವ ಅಮರಾವತಿ ಎಕ್ಸ್‌ಪ್ರೆಸ್ ಹಿಡಿಯಬಹುದು. ಆ ಗಾಡಿ ದಿನವೂ ಇಲ್ಲದ್ದರಿಂದ ಅದು ಓಡುವ ದಿನಕ್ಕೆ ಹೊಂದಿಸಿ ಪ್ರವಾಸದ ತಾರೀಕು ಇಟ್ಟುಕೊಳ್ಳಿ. ಮಡಗಾಂವಿನಲ್ಲಿ ಸೈಕಲ್ಲನ್ನು ಬಿಡಿಸಿಕೊಂಡು ಹೊಸದಾಗಿ ಬುಕ್ ಮಾಡಬೇಕಾಗುತ್ತದೆ, ಎರಡು ಗಾಡಿಗಳ ನಡುವೆ ಮೂರು ತಾಸಾದರೂ ಬಿಡುವಿರಲಿ.