ಸೀಸಿಯಂ ಬಿದ್ದ ಗದ್ದೆಗೆ ಪೊಟ್ಯಾಶ್

ಪ್ರಶ್ನೆ: 2011ರ ಅಣುಸ್ಥಾವರ ದುರಂತದ ನಂತರ ಜಪಾನಿನ ಫುಕುಶಿಮಾದ ರೈತರು ವಿಕಿರಣ ಸೀಸಿಯಂ ಬಿದ್ದ ಗದ್ದೆಗೆ ಪೊಟ್ಯಾಶ್ ಹಾಕಿ ಭತ್ತ ಬೆಳೆದರೆಂದು ಓದಿದೆ. ಗೊಬ್ಬರ ವಿಕಿರಣವನ್ನು ತಡೆಯುವುದು ಹೇಗೆ? ಎಷ್ಟು ಹಾಕಬೇಕು?

ಉತ್ತರ: ವಿಕಿರಣವನ್ನು ಗೊಬ್ಬರ ತಡೆಯುವುದಿಲ್ಲ. ಸೀಸಿಯಂ ಮಣ್ಣಿನಲ್ಲೇ ಉಳಿಯುತ್ತದೆ, ಬೇರಿನೊಳಗೆ ಹೋಗುವುದಷ್ಟೇ ತಗ್ಗುತ್ತದೆ. ರಸಾಯನ ಗುಣದಲ್ಲಿ ಸೀಸಿಯಂ ಪೊಟ್ಯಾಸಿಯಂನ ದಾಯಾದಿ. ಪೊಟ್ಯಾಸಿಯಂ ಸಾಲದೆ ಹಸಿದ ಬೇರು ಅದನ್ನು ಹೀರುವ ಬಾಗಿಲುಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಅದೇ ಬಾಗಿಲಲ್ಲಿ ಸೀಸಿಯಂ ಕೂಡ ನುಗ್ಗುತ್ತದೆ. ಹೊಟ್ಟೆ ತುಂಬಿದ ಬೇರಿಗೆ ಆ ಬಾಗಿಲುಗಳು ಬೇಡ.

ಅಲ್ಲಿ ಇಟ್ಟುಕೊಂಡ ಗುರಿ: ನಾಟಿಗೆ ಮೊದಲು 100 ಗ್ರಾಂ ಮಣ್ಣಿನಲ್ಲಿ ಬೆಳೆಗೆ ದಕ್ಕುವ ಪೊಟ್ಯಾಶ್ (K₂O ಲೆಕ್ಕದಲ್ಲಿ) 25 ಮಿಲಿಗ್ರಾಂ. ಮಣ್ಣು ಪರೀಕ್ಷೆಯಲ್ಲಿ 15 ಬಂತೆನ್ನಿ, 10 ಕೊರತೆ. ಉಳುಮೆಯ 15 ಸೆಂ.ಮೀ. ಪದರ ಹೆಕ್ಟೇರಿಗೆ ಸುಮಾರು 1,500 ಟನ್ ತೂಗಿದರೆ ಬೇಕಾದದ್ದು 150 ಕೆ.ಜಿ. ಪೊಟ್ಯಾಶ್, ಅಂದರೆ 60 ಶೇಕಡ ಪೊಟ್ಯಾಶ್ ಇರುವ ಎಂಒಪಿ (ಮ್ಯೂರಿಯೇಟ್ ಆಫ್ ಪೊಟ್ಯಾಶ್) ಗೊಬ್ಬರ 250 ಕೆ.ಜಿ., ಎಕರೆಗೆ ಸುಮಾರು 100 ಕೆ.ಜಿ. ಗುರಿ ಮುಟ್ಟಿದ ಮೇಲೂ ಸುರಿಯುತ್ತಾ ಹೋದರೆ ಹೆಚ್ಚಿನ ಲಾಭವಿಲ್ಲ, ಬೆಳೆಗೆ ಮೆಗ್ನೀಸಿಯಂ ಸಿಗುವುದು ಕಡಿಮೆಯಾಗುತ್ತದೆ. ಬುಡಗೊಬ್ಬರವಾಗಿ ಕೊಡಿ, ತೆನೆ ಕಟ್ಟುವಾಗ ಕೊಟ್ಟರೆ ತಡವಾಯಿತು.

ಎಡವುವುದು ಸಾರಜನಕದಲ್ಲಿ. ಅಮೋನಿಯಂ ಅಯಾನು ಜೇಡಿಯ ಪದರಗಳ ಅಂಚಿನಲ್ಲಿ ಸಿಕ್ಕಿಕೊಂಡ ಸೀಸಿಯಂ ಅನ್ನು ಎಬ್ಬಿಸಿ ನೀರಿಗೆ ಬಿಡುತ್ತದೆ. ಆದ್ದರಿಂದ ಪೊಟ್ಯಾಶ್ ಹಾಕಿ, ಜೊತೆಗೆ ಯೂರಿಯಾ, ಅಮೋನಿಯಂ ಸಲ್ಫೇಟ್ ಮಿತಿಮೀರಿ ಹಾಕಿದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡಂತೆ. ಹುಲ್ಲನ್ನು ವರ್ಷ ವರ್ಷ ಗದ್ದೆಯಿಂದ ಹೊರಗೊಯ್ದರೂ ಪೊಟ್ಯಾಶ್ ಅದರ ಜೊತೆಗೇ ಹೋಗುತ್ತದೆ. ಮರಳು ಮಣ್ಣಿನಲ್ಲಿ ತೊಳೆದು ಹೋಗುವುದರಿಂದ ಪ್ರತಿ ಬೆಳೆಗೂ ಪರೀಕ್ಷೆ ಬೇಕು.

ಫಲ ಸಿಕ್ಕಿತೇ? 2012ರ ಬೆಳೆಯಿಂದ ಆ ಪ್ರಾಂತ್ಯದ ಅಕ್ಕಿಯ ಚೀಲ ಚೀಲವನ್ನೂ ಅಳೆದರು, ಒಂದು ಕೋಟಿಗೂ ಹೆಚ್ಚು. ಆ ವರ್ಷ ಕೆ.ಜಿ.ಗೆ 100 ಬೆಕೆರೆಲ್ (ವಿಕಿರಣ ಅಳೆಯುವ ಏಕಮಾನ, ಸೆಕೆಂಡಿಗೆ ಒಂದು ಪರಮಾಣುವಿನ ಕ್ಷಯ) ಮಿತಿ ದಾಟಿದ್ದು 71 ಚೀಲ. 2015ರ ಬೆಳೆಯಲ್ಲಿ ಒಂದೂ ದಾಟಲಿಲ್ಲ. ಬೇಗ ಕ್ಷಯಿಸುವ ಬಗೆಯಾದ ಸೀಸಿಯಂ-134 ತಾನಾಗಿ ಕ್ಷಯಿಸಿದ್ದು, ಜೇಡಿ ಕಾಲಕ್ರಮೇಣ ಬಿಗಿ ಹಿಡಿದದ್ದು ಕೂಡ ಇದಕ್ಕೆ ಕಾರಣ. ಇನ್ನೊಂದು ವಿಕಿರಣ ಧಾತುವಾದ ಸ್ಟ್ರಾನ್ಷಿಯಂ ಕಥೆ ಬೇರೆ: ಅದು ಕ್ಯಾಲ್ಸಿಯಂನ ದಾಯಾದಿ, ಹುಳಿ ಮಣ್ಣಿಗೆ ಸುಣ್ಣ ಹಾಕುವುದೇ ಮದ್ದು. ಚೆರ್ನೋಬಿಲ್ ಆದಮೇಲೆ ಬೆಲಾರುಸ್‌ನ ಹೊಲಗಳಲ್ಲಿ ಸುಣ್ಣ, ಪೊಟ್ಯಾಶ್ ಎರಡನ್ನೂ ಬಳಸಿದರು.

ಪ್ರಶ್ನೆ: ಪೊಟ್ಯಾಶ್ ಗೊಬ್ಬರವೇ ವಿಕಿರಣ ಸೂಸುತ್ತದಂತೆ, ನಿಜವೇ?

ಉತ್ತರ: ನಿಜ. ಪ್ರತಿ ಗ್ರಾಂ ಪೊಟ್ಯಾಸಿಯಂನಲ್ಲಿ ಸಹಜ ಪೊಟ್ಯಾಸಿಯಂ-40ರಿಂದ ಸುಮಾರು 31 ಬೆಕೆರೆಲ್ ಇರುತ್ತದೆ, ಒಂದು ಕೆ.ಜಿ. ಎಂಒಪಿಯಲ್ಲಿ ಸುಮಾರು 15,500. ದೇಹ ತನ್ನ ಪೊಟ್ಯಾಸಿಯಂ ಪ್ರಮಾಣವನ್ನು ಒಂದೇ ಮಟ್ಟದಲ್ಲಿ ಇಟ್ಟುಕೊಳ್ಳುವುದರಿಂದ ಅದು ಶೇಖರವಾಗುವುದಿಲ್ಲ. ಭಯ ಬೇಡ. ಅಳೆಯುವಾಗ ಮಾತ್ರ ಎಚ್ಚರ: ಸಾದಾ ಗೈಗರ್ ಕೌಂಟರ್ ಇದನ್ನೂ ಸೀಸಿಯಂ ಅನ್ನೂ ಬೇರ್ಪಡಿಸದು. ಕಿರಣಗಳನ್ನು ಶಕ್ತಿಯ ಪ್ರಕಾರ ವಿಂಗಡಿಸುವ ಗಾಮಾ ಸ್ಪೆಕ್ಟ್ರೋಮೀಟರ್‌ನಲ್ಲಿ ಸೀಸಿಯಂ-137 ಅನ್ನು 662ರ ಬಳಿ, ಪೊಟ್ಯಾಸಿಯಂ-40 ಅನ್ನು 1,461 ಕಿಲೋ ಎಲೆಕ್ಟ್ರಾನ್ ವೋಲ್ಟ್ ಬಳಿ ನೋಡಿ.